ಮಿಸ್ಟರ್ ಮ್ಯಾಜಿಕ್: ಬೇಕೆಂದ ಹಾಡುಗಳು, ಬೇಡವೆಂದ ಹಾಡುಗಳು

ಕೇಳುಗರಿಗೆ ನಮಸ್ಕಾರ.

ನಮ್ಮ ಬಾನುಲಿಯ ಕೋರಿಕೆ ಕಾರ್ಯಕ್ರಮಗಳಲ್ಲಿ ಹಾಡನ್ನು ಆರಿಸುವವರು ಕೇಳುಗರು. ನಿಲಯದ ಉದ್ಘೋಷಕರು ಪತ್ರ ಓದುತ್ತಾರೆ, ಹೆಸರು ಹೇಳುತ್ತಾರೆ, ಹಾಡು ಹಾಕುತ್ತಾರೆ. ಇದಕ್ಕೆ ತೀರ ಬೇರೆಯಾದ ಒಂದು ಬಾನುಲಿ ಅಧಿಕಾರವನ್ನು ನಡೆಸಿದವರ ವೃತ್ತಿಜೀವನವನ್ನು ಕುರಿತು ಇಂದು ಮಾತನಾಡುತ್ತೇನೆ. ಅವರ ಹೆಸರು ಜಾನ್ ರಿವಾಸ್. 1956ರ ಮಾರ್ಚ್ 15ರಂದು ಹುಟ್ಟಿದ ಇವರು ನ್ಯೂಯಾರ್ಕಿನ ಕೇಳುಗರಿಗೆ ಪರಿಚಿತರಾದದ್ದು ಮಿಸ್ಟರ್ ಮ್ಯಾಜಿಕ್ ಎಂಬ ಹೆಸರಿನಿಂದ. ಇವರು ಹಾಡುಗಾರರೆಂದು ಹೆಸರು ಮಾಡಲಿಲ್ಲ, ರೆಕಾರ್ಡು ತಟ್ಟೆಗಳನ್ನು ತಿರುಗಿಸುವ ಕೈಚಳಕಕ್ಕೂ ಹೆಸರಾಗಲಿಲ್ಲ. ಆದರೂ 1980ರ ದಶಕದಲ್ಲಿ, ತಾಳಕ್ಕೆ ಹೊಂದಿಸಿ ಪ್ರಾಸದ ಮಾತು ಹೇಳುವ ರ‍್ಯಾಪ್ ಹಾಡಬಯಸಿದ ಆ ನಗರದ ಹುಡುಗ ಹುಡುಗಿಯರು ಮೊದಲು ಕಾಯುತ್ತಿದ್ದದ್ದು ಇವರ ಒಪ್ಪಿಗೆಗೆ.

ರ‍್ಯಾಪ್ ಸೇರಿರುವ ಹಿಪ್‌ಹಾಪ್ ಎಂಬ ಸಂಗೀತ ಬೆಳೆದದ್ದು ಬಾನುಲಿಯ ಹೊರಗೆ. 1973ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ ಸೆಜ್‌ವಿಕ್ ಅವೆನ್ಯೂದ ವಸತಿ ಕಟ್ಟಡವೊಂದರಲ್ಲಿ ಡಿಜೆ ಕೂಲ್ ಹರ್ಕ್ ನಡೆಸಿದ ಕೂಟದಿಂದ ಅದರ ಕಾಲಗಣನೆ ಮಾಡುವುದು ರೂಢಿ. ಆ ಮೇಲೆ ಆರು ವರ್ಷಗಳ ಕಾಲ ಅದು ಉದ್ಯಾನಗಳಲ್ಲಿ, ಶಾಲೆಯ ಅಂಗಳಗಳಲ್ಲಿ, ಸಣ್ಣ ಕ್ಲಬ್ಬುಗಳಲ್ಲಿ ಬೆಳೆಯಿತೇ ಹೊರತು ನಿಲಯಗಳ ಒಳಗೆ ಹೋಗಲಿಲ್ಲ. 1979ರಲ್ಲಿ ಷುಗರ್‌ಹಿಲ್ ಗ್ಯಾಂಗ್ ತಂಡದ ರೆಕಾರ್ಡು ಎಲ್ಲೆಡೆ ಓಡಿದಾಗಲೂ ಬಾನುಲಿಯ ಹಿರಿಯರಲ್ಲಿ ಬಹಳ ಮಂದಿ ಇದು ಒಂದೆರಡು ಋತುಗಳ ಗದ್ದಲವೆಂದೇ ಎಣಿಸಿದರು. ಕಪ್ಪು ಜನರ ಸಂಗೀತಕ್ಕೆ ಮೀಸಲಾಗಿದ್ದ ನಿಲಯಗಳೂ ಇದಕ್ಕೆ ಹೊರತಾಗಿರಲಿಲ್ಲ. ಅವುಗಳ ಜಾಹೀರಾತುದಾರರಿಗೆ ಬೇಕಾಗಿದ್ದವರು ಸಂಬಳ ತರುವ ವಯಸ್ಕರು. ಬೀದಿಯ ಹುಡುಗರ ಪ್ರಾಸಗಳನ್ನು ಕೇಳಿಸಿ ಅಂಥವರನ್ನು ಕಳೆದುಕೊಳ್ಳಲು ಯಾವ ವ್ಯವಸ್ಥಾಪಕರೂ ಸಿದ್ಧರಿರಲಿಲ್ಲ.

ಒಳಗೆ ಹೋಗಲು ಒಂದು ಹಿತ್ತಿಲ ಬಾಗಿಲು ಮಾತ್ರ ಇತ್ತು. ನೆರೆಯ ನ್ಯೂಜೆರ್ಸಿಯ ನೆವಾರ್ಕ್ ನಗರಕ್ಕೆ ಪರವಾನಗಿ ಪಡೆದಿದ್ದ ಡಬ್ಲ್ಯೂಎಚ್‌ಬಿಐ ಎಂಬ ಎಫ್‌ಎಂ ನಿಲಯ ತನ್ನ ಪ್ರಸಾರದ ಹೊತ್ತನ್ನು ಗಂಟೆಯ ಲೆಕ್ಕದಲ್ಲಿ ಮಾರುತ್ತಿತ್ತು. ಹಣ ಕಟ್ಟಿದವರು ತಮ್ಮ ಭಾಷೆಯ, ತಮ್ಮ ಮತದ, ತಮ್ಮ ವ್ಯಾಪಾರದ ಮಾತನ್ನು ಆಡಬಹುದಾಗಿತ್ತು; ಖರ್ಚನ್ನು ಹೊರಡಿಸಿಕೊಳ್ಳಲು ಜಾಹೀರಾತನ್ನೂ ಅವರೇ ಹುಡುಕಿಕೊಳ್ಳಬೇಕಾಗಿತ್ತು. ರಿವಾಸ್ 1979ರಲ್ಲಿ ಅಲ್ಲಿ ತಡರಾತ್ರಿಯ ಹೊತ್ತನ್ನು ಕೊಂಡು ರ‍್ಯಾಪ್ ರೆಕಾರ್ಡುಗಳನ್ನು ಹಾಕತೊಡಗಿದರು. ಯಾರೂ ಕೊಡದ ಕೆಲಸವನ್ನು ಕಾಸು ಕೊಟ್ಟು ಮಾಡಿದ ಈ ಘಟ್ಟವನ್ನು ಅವರ ಕುರಿತ ಬರಹಗಳು ಒಂದೆರಡು ವಾಕ್ಯದಲ್ಲಿ ದಾಟಿಬಿಡುತ್ತವೆ. ನನಗೆ ಮಾತ್ರ ಅವರ ಮುಂದಿನ ನಡವಳಿಕೆಯ ಬೇರು ಇಲ್ಲಿಯೇ ಕಾಣುತ್ತದೆ. ಕಾರ್ಯಕ್ರಮ ತನ್ನ ಸ್ವಂತದ್ದು, ಅದರಲ್ಲಿ ಏನಿರಬೇಕೆಂದು ಹೇಳುವವರು ಬೇರೆ ಯಾರೂ ಇಲ್ಲ ಎಂಬ ಭಾವ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

1980ರ ದಶಕದ ಆರಂಭದಲ್ಲಿ ಡಬ್ಲ್ಯೂಬಿಎಲ್‌ಎಸ್ ಅವರನ್ನು ಕರೆಸಿಕೊಂಡಿತು. ಮ್ಯಾನ್‌ಹಟನ್ನಿನ ಆಡಳಿತಾಧ್ಯಕ್ಷರಾಗಿದ್ದ ಪರ್ಸಿ ಸಟನ್ ಮುಂತಾದವರು ಕಟ್ಟಿದ ಸಂಸ್ಥೆಗೆ ಸೇರಿದ ಆ ನಿಲಯ ನಗರದ ಕಪ್ಪು ಕೇಳುಗರಲ್ಲಿ ಅತ್ಯಂತ ಪ್ರತಿಷ್ಠಿತವಾಗಿತ್ತು. ಅದರ ಕಾರ್ಯಕ್ರಮಗಳ ಹೊಣೆ ಹೊತ್ತಿದ್ದವರು ತಾವೂ ಹೆಸರಾಂತ ಬಾನುಲಿ ಧ್ವನಿಯಾಗಿದ್ದ ಫ್ರ್ಯಾಂಕಿ ಕ್ರಾಕರ್. ಅಲ್ಲಿ ಮಿಸ್ಟರ್ ಮ್ಯಾಜಿಕ್ ನಡೆಸಿದ ‘ರ‍್ಯಾಪ್ ಅಟ್ಯಾಕ್’, ದೊಡ್ಡ ವಾಣಿಜ್ಯ ನಿಲಯವೊಂದರಲ್ಲಿ ಇಡಿಯಾಗಿ ರ‍್ಯಾಪ್‌ಗೇ ಮೀಸಲಾದ ಮೊದಲ ಕಾರ್ಯಕ್ರಮವೆಂದು ಗುರುತಿಸಲ್ಪಟ್ಟಿದೆ. ಮಾತು ಮ್ಯಾಜಿಕ್ ಅವರದು. ತಟ್ಟೆಗಳ ಮುಂದೆ ನಿಂತವರು ನಗರದ ಕ್ವೀನ್ಸ್ ಭಾಗದ ಕ್ವೀನ್ಸ್‌ಬ್ರಿಜ್ ವಸತಿ ಸಮುಚ್ಚಯದ ತರುಣ ಮಾರ್ಲಿ ಮಾರ್ಲ್. ನಿರ್ಮಾಣದಲ್ಲಿ ಜೊತೆಯಾದವರು ಫ್ಲೈ ಟೈ ಎಂದು ಕರೆಯಲಾಗುತ್ತಿದ್ದ ಟೈರೋನ್ ವಿಲಿಯಮ್ಸ್. ಕೇಳುಗರು ಖಾಲಿ ಕ್ಯಾಸೆಟ್ ಹಾಕಿಕೊಂಡು ಕಾದು ಕೂತು ಕಾರ್ಯಕ್ರಮವನ್ನು ಮುದ್ರಿಸಿಕೊಳ್ಳುತ್ತಿದ್ದರು. ನಿಲಯದ ಅಲೆಗಳು ತಲುಪದ ಊರುಗಳಿಗೂ ಆ ಕ್ಯಾಸೆಟ್ಟುಗಳು ಕೈಯಿಂದ ಕೈಗೆ ಸಾಗಿದವು.

ಈ ಮೂವರ ಕೂಟ ಬಾನುಲಿಯಲ್ಲಿಯೇ ನಿಲ್ಲಲಿಲ್ಲ. 1984ರಲ್ಲಿ ಯುಟಿಎಫ್‌ಓ ಎಂಬ ತಂಡ, ತಮ್ಮನ್ನು ಕಡೆಗಣಿಸಿದ ರಾಕ್ಸಾನ್ ಎಂಬ ಹುಡುಗಿಯನ್ನು ಕುರಿತ ಹಾಡಿನಿಂದ ಹೆಸರಾಗಿತ್ತು. ಮ್ಯಾಜಿಕ್ ಮತ್ತು ಜೊತೆಗಾರರು ಏರ್ಪಡಿಸಿದ್ದ ಸಂಗೀತ ಕಛೇರಿಗೆ ಆ ತಂಡ ಬಾರದೆ ಕೈಕೊಟ್ಟಿತು. ಆಗ ಹದಿನಾಲ್ಕು ವರ್ಷದ, ಕ್ವೀನ್ಸ್‌ಬ್ರಿಜ್ಜಿನವಳೇ ಆದ ಹುಡುಗಿಯೊಬ್ಬಳು ಆ ರಾಕ್ಸಾನ್ ತಾನೇ ಎಂಬಂತೆ ಉತ್ತರ ಹಾಡುತ್ತೇನೆಂದು ಮುಂದೆ ಬಂದಳು. ಮಾರ್ಲಿ ಅದನ್ನು ಮುದ್ರಿಸಿದರು, ಮ್ಯಾಜಿಕ್ ಪ್ರಸಾರ ಮಾಡಿದರು, ಆ ಹುಡುಗಿ ರಾಕ್ಸಾನ್ ಶಾಂಟೆ ಎಂದು ಪ್ರಸಿದ್ಧಳಾದಳು. ಆ ಉತ್ತರಕ್ಕೆ ಮತ್ತೆ ಉತ್ತರಗಳಾಗಿ ಬಂದ ರೆಕಾರ್ಡುಗಳ ಸಾಲು ಬಹಳ ದಿನ ಮುಗಿಯಲಿಲ್ಲ. ಇವರ ಸುತ್ತ ಸೇರಿದ ಎಂಸಿ ಶಾನ್, ಬಿಜ್ ಮಾರ್ಕಿ, ಬಿಗ್ ಡ್ಯಾಡಿ ಕೇನ್, ಕೂಲ್ ಜಿ ರ‍್ಯಾಪ್ ಮೊದಲಾದವರ ಬಳಗಕ್ಕೆ ಜ್ಯೂಸ್ ಕ್ರೂ ಎಂಬ ಹೆಸರು ಬಂದದ್ದು ‘ಸರ್ ಜ್ಯೂಸ್’ ಎಂಬ ಮ್ಯಾಜಿಕ್ ಅವರದೇ ಅಡ್ಡಹೆಸರಿನಿಂದ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಹಾಡನ್ನು ಮಾಡಿಸುವವರೂ ಅದನ್ನು ಪ್ರಸಾರಕ್ಕೆ ಆರಿಸುವವರೂ ಒಬ್ಬರೇ ಆದಾಗ ಆ ಆಯ್ಕೆಯನ್ನು ಎಷ್ಟು ನಂಬಬಹುದು? ಇಂದಿನ ಅಳತೆಯಲ್ಲಿ ನೋಡಿದರೆ ಇದು ನೇರವಾದ ಪಕ್ಷಪಾತ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಮ್ಯಾಜಿಕ್ ತಮ್ಮ ಒಲವನ್ನು ಎಂದೂ ಮರೆಮಾಡಿದವರಲ್ಲ. ತಮ್ಮವರನ್ನು ಹೊಗಳುವಷ್ಟೇ ಗಟ್ಟಿಯಾಗಿ, ಹಿಡಿಸದ ರೆಕಾರ್ಡನ್ನು ಪ್ರಸಾರದಲ್ಲಿಯೇ ಹೀಯಾಳಿಸುವುದು ಅವರ ಶೈಲಿಯಾಗಿತ್ತು. ನನ್ನ ದೃಷ್ಟಿಯಲ್ಲಿ ಅವರ ವೃತ್ತಿಜೀವನದ ಅತ್ಯಂತ ಫಲವತ್ತಾದ ಭಾಗ ಈ ನಿರಾಕರಣೆಗಳೇ.

ಬ್ರಾಂಕ್ಸಿನ ಇಬ್ಬರು ತರುಣರು, ಕೆಆರ್‌ಎಸ್-ಒನ್ ಮತ್ತು ಸ್ಕಾಟ್ ಲಾ ರಾಕ್, ತಮ್ಮ ಆರಂಭದ ಧ್ವನಿಮುದ್ರಣವೊಂದನ್ನು ಮ್ಯಾಜಿಕ್ ಅವರಿಗೆ ಕೇಳಿಸಿದಾಗ ಅವರು ಅದನ್ನು ಕೆಲಸಕ್ಕೆ ಬಾರದ್ದೆಂದು ತಳ್ಳಿಹಾಕಿದರು. ಅದೇ ಸುಮಾರಿಗೆ ಎಂಸಿ ಶಾನ್ ಕ್ವೀನ್ಸ್‌ಬ್ರಿಜ್ಜಿನ ಸಂಗೀತದ ಹುಟ್ಟನ್ನು ಹಾಡಿ ಹೊಗಳಿದ್ದರು; ಹಿಪ್‌ಹಾಪ್ ಹುಟ್ಟಿದ್ದೇ ಅಲ್ಲಿ ಎಂದಂತೆ ಕೆಲವರಿಗೆ ಅದು ಕೇಳಿಸಿತು. ಅವಮಾನಗೊಂಡಿದ್ದ ತರುಣರಿಗೆ ಇಷ್ಟೇ ಸಾಕಾಯಿತು. ಬೂಗಿ ಡೌನ್ ಪ್ರೊಡಕ್ಷನ್ಸ್ ಎಂಬ ಹೆಸರಿನಲ್ಲಿ 1986ರಲ್ಲಿ ಅವರು ಸೌತ್ ಬ್ರಾಂಕ್ಸನ್ನು ಎತ್ತಿಹಿಡಿಯುವ ಉತ್ತರವನ್ನು ಹೊರತಂದರು. ಡಬ್ಲ್ಯೂಬಿಎಲ್‌ಎಸ್ ಬಾಗಿಲು ಮುಚ್ಚಿದ್ದರೂ ಅಷ್ಟು ಹೊತ್ತಿಗೆ ನಗರದಲ್ಲಿ ಇನ್ನೊಂದು ಬಾಗಿಲು ತೆರೆದಿತ್ತು. 98.7 ಕಿಸ್ ಎಫ್‌ಎಂ 1983ರಿಂದ ಡಿಜೆ ರೆಡ್ ಅಲರ್ಟ್ ಅವರನ್ನು ತನ್ನ ರಾತ್ರಿಗಳಿಗೆ ನೇಮಿಸಿಕೊಂಡಿತ್ತು. ಆಂಟಿಗುವಾದಲ್ಲಿ ಹುಟ್ಟಿ ಹಾರ್ಲೆಮ್ಮಿನಲ್ಲಿ ಬೆಳೆದ, ಬ್ರಾಂಕ್ಸಿನ ಹಿರಿಯ ಡಿಜೆ ಆಫ್ರಿಕಾ ಬಂಬಾಟಾ ಅವರ ಜೂಲು ನೇಷನ್ ಬಳಗದಿಂದ ಬಂದ ರೆಡ್ ಅಲರ್ಟ್ ಆ ರೆಕಾರ್ಡನ್ನು ಎತ್ತಿಕೊಂಡರು. ಎರಡು ಬಡಾವಣೆಗಳ ಜಗಳವೆಂದು ಪ್ರಸಿದ್ಧವಾದ ಈ ಪ್ರಕರಣ ವಾಸ್ತವವಾಗಿ ಎರಡು ನಿಲಯಗಳ ನಡುವೆಯೂ ನಡೆಯಿತು; ವಾರಾಂತ್ಯದ ರಾತ್ರಿ ಕೇಳುಗರು ರೇಡಿಯೋದ ಮುಳ್ಳನ್ನು ಎಲ್ಲಿ ನಿಲ್ಲಿಸುತ್ತಾರೆ ಎಂಬುದೇ ಪಕ್ಷ ಹಿಡಿದಂತಾಗಿತ್ತು.

ಇದೇ ಬಗೆಯ ಇನ್ನೊಂದು ಪ್ರಸಂಗ 1987ರದು. ಲಾಂಗ್ ಐಲೆಂಡಿನಿಂದ ಬಂದ ಪಬ್ಲಿಕ್ ಎನಿಮಿ ತಂಡದ ಮೊದಲ ರೆಕಾರ್ಡನ್ನು ಹಾಕಿದ ಮ್ಯಾಜಿಕ್, ಇವರ ಹಾಡನ್ನು ಇನ್ನು ಮುಂದೆ ಹಾಕುವುದಿಲ್ಲವೆಂದು ತುಚ್ಛವಾದ ಮಾತಿನಲ್ಲಿ ಪ್ರಸಾರದಲ್ಲೇ ಸಾರಿದರು. ಆ ತಂಡದವರು ಆ ಮಾತಿನ ಮುದ್ರಣವನ್ನು ಇಟ್ಟುಕೊಂಡು, ಮರುವರ್ಷದ ತಮ್ಮ ಆಲ್ಬಮ್ಮಿನಲ್ಲಿ ಮ್ಯಾಜಿಕ್ ಅವರ ಧ್ವನಿಯನ್ನೇ ಹಾಗೆಯೇ ಸೇರಿಸಿದರು. ಹಿಪ್‌ಹಾಪ್‌ನ ಶ್ರೇಷ್ಠ ಆಲ್ಬಮ್ಮುಗಳ ಸಾಲಿನಲ್ಲಿ ಇಂದು ನಿಂತಿರುವ ಆ ಕೃತಿಯಲ್ಲಿ ಅದನ್ನು ಬೇಡವೆಂದವರ ದನಿಯೂ ಶಾಶ್ವತವಾಗಿ ಉಳಿಯಿತು. ತಪ್ಪು ತೀರ್ಪು ಕೊಟ್ಟ ವಿಮರ್ಶಕರು ಯಾವ ಕಲೆಯಲ್ಲಿಯೂ ಇದ್ದಾರೆ. ತೀರ್ಪು ಕೃತಿಯ ಭಾಗವೇ ಆಗಿಬಿಟ್ಟ ಭಾಗ್ಯ ಮಾತ್ರ ಕೆಲವರಿಗಷ್ಟೇ ಸಿಕ್ಕಿದೆ.

ದಶಕ ಮುಗಿಯುವ ಹೊತ್ತಿಗೆ ಮ್ಯಾಜಿಕ್ ಅವರ ಆಳ್ವಿಕೆಯೂ ಮುಗಿಯಿತು. ರ‍್ಯಾಪ್ ಅಷ್ಟರಲ್ಲಿ ದೇಶದ ದೊಡ್ಡ ಕಂಪನಿಗಳ ಸರಕಾಗಿತ್ತು, ದೂರದರ್ಶನಕ್ಕೂ ಹೋಗಿತ್ತು. 1990ರ ದಶಕದಲ್ಲಿ ಹಾಟ್ 97 ನಿಲಯ ಹಗಲಿರುಳೂ ಹಿಪ್‌ಹಾಪ್ ಬಿತ್ತರಿಸತೊಡಗಿ, ಫಂಕ್‌ಮಾಸ್ಟರ್ ಫ್ಲೆಕ್ಸ್ ಅವರಂಥ ಹೊಸ ಡಿಜೆಗಳು ತಾರೆಗಳಾದರು. ಆ ಹೊತ್ತಿಗೆ ಮ್ಯಾಜಿಕ್ ಅವರ ಕೇಳುಗರು ದೊಡ್ಡವರಾಗಿದ್ದರು. 1994ರಲ್ಲಿ ಬ್ರೂಕ್ಲಿನ್ನಿನ ನಟೋರಿಯಸ್ ಬಿಐಜಿ ತಮ್ಮ ಬಡತನದ ಹುಡುಗತನವನ್ನು ನೆನೆಯುವ ಹಾಡಿನಲ್ಲಿ ಶನಿವಾರಗಳ ‘ರ‍್ಯಾಪ್ ಅಟ್ಯಾಕ್’ ಅನ್ನು, ಮ್ಯಾಜಿಕ್ ಮತ್ತು ಮಾರ್ಲಿಯವರನ್ನು ಹೆಸರು ಹಿಡಿದೇ ಸ್ಮರಿಸಿದರು.

2009ರ ಅಕ್ಟೋಬರ್ 2ರಂದು ಹೃದಯಾಘಾತದಿಂದ ತೀರಿಕೊಂಡಾಗ ಮ್ಯಾಜಿಕ್ ಅವರಿಗೆ 53 ವರ್ಷ. ಅದಕ್ಕೆ ಏಳು ವರ್ಷ ಮೊದಲು ಬಂದ ‘ಗ್ರ್ಯಾಂಡ್ ಥೆಫ್ಟ್ ಆಟೋ: ವೈಸ್ ಸಿಟಿ’ ಎಂಬ ಕಂಪ್ಯೂಟರ್ ಆಟದಲ್ಲಿ ಅವರು ವೈಲ್ಡ್‌ಸ್ಟೈಲ್ ಎಂಬ ಕಲ್ಪಿತ ನಿಲಯದ ನಿರೂಪಕರಾಗಿ ತಮ್ಮದೇ ಹೆಸರಿನಲ್ಲಿ ಮಾತನಾಡಿದ್ದಾರೆ. ನಮ್ಮ ಊರುಗಳ ಸೈಬರ್ ಕೆಫೆಗಳಲ್ಲಿ ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು ಆ ಆಟವಾಡಿದ ತಲೆಮಾರಿನವರಲ್ಲಿ ಎಷ್ಟೋ ಮಂದಿ, ಕದ್ದ ಕಾರಿನ ರೇಡಿಯೋದಲ್ಲಿ, ಯಾರದೆಂದು ತಿಳಿಯದೆಯೇ ಈ ದನಿಯನ್ನು ಕೇಳಿರುತ್ತಾರೆ. ಆ ನಿಲಯಕ್ಕೆ ಆಟದ ತಯಾರಕರು ಜೋಡಿಸಿದ ಹಾಡುಗಳ ಪಟ್ಟಿಯಲ್ಲಿ ಹೂಡಿನಿ ಎಂಬ ತಂಡ 1982ರಲ್ಲಿ ಮಿಸ್ಟರ್ ಮ್ಯಾಜಿಕ್ ಅವರನ್ನೇ ಹೊಗಳಿ ಹಾಡಿದ ಹಾಡೂ ಇದೆ; ಅದನ್ನು ಅವರು ಬೇಡವೆನ್ನುವ ಸಂಭವ ಹೇಗೂ ಇರಲಿಲ್ಲ.