ಅಳು ಯಾರಿಗೆ ತಡೆಯಲಾಗುತ್ತಿಲ್ಲ?

ಎಲ್ಲರಿಗೂ ನಮಸ್ಕಾರ. ಪಾಲಕರ ಸಭೆಗೆ ಮಕ್ಕಳ ಡಾಕ್ಟರನ್ನು ಕರೆದರೆ ಮೊಬೈಲ್ ವಿಷಯಕ್ಕೆ ಬೈದು ಹೋಗುತ್ತಾರೆ ಅಂತ ನಿಮಗೆ ಗೊತ್ತು. ಅದಕ್ಕೇ ಹಿಂದಿನ ಸಾಲು ಮೊದಲು ತುಂಬಿದೆ. ನಾನು ಬೈಯಲು ಬಂದಿಲ್ಲ. ಇಬ್ಬರೂ ದುಡಿಯುವ ಮನೆ, ಅಜ್ಜಿ ಊರಲ್ಲಿ, ಇಲ್ಲಿ ಕುಕ್ಕರ್ ಕೂಗುತ್ತಿದೆ, ಮಗು ಕಾಲಿಗೆ ಜೋತುಬಿದ್ದಿದೆ. ಹತ್ತು ನಿಮಿಷ ಹಾಡು ಹಾಕಿಕೊಟ್ಟರೆ ಆಕಾಶ ಕಳಚಿ ಬೀಳುವುದಿಲ್ಲ.

ನನ್ನ ತಕರಾರು ಬೇರೆ. ಅಳು ಶುರುವಾದ ಕೂಡಲೇ ಮೊಬೈಲ್ ಬರುತ್ತದಲ್ಲ, ಅದು.

ಹೋದ ವರ್ಷ ಒಂದು ಮದುವೆ ಊಟ. ಎದುರು ಪಂಕ್ತಿಯಲ್ಲಿ ಎರಡೂವರೆ ವರ್ಷದ್ದಿರಬಹುದು, ಒಂದು ಮಗು. ನೀರಿನ ಬಾಟಲಿಗೆ ಮೊಬೈಲ್ ಒರಗಿಸಿದ್ದಾರೆ. ಹಾಡು ಓಡಿದರೆ ಬಾಯಿ ತೆರೆಯುತ್ತದೆ, ನಿಂತರೆ ಮುಚ್ಚುತ್ತದೆ. ಅಷ್ಟರಲ್ಲಿ ಚಾರ್ಜ್ ಮುಗಿಯಿತು. ಮಗು ಚೀರಿತು ನೋಡಿ! ಅತ್ತೆ ತಮ್ಮ ಫೋನ್ ಕೊಟ್ಟರು, ಚಿಕ್ಕಪ್ಪ ಕೊಟ್ಟ, ಬಡಿಸುವವನೂ ಸಾಂಬಾರ್ ಬಕೆಟ್ ಕೆಳಗಿಟ್ಟು ಜೇಬಿಗೆ ಕೈ ಹಾಕಿದ. ಊಟದ ಹಾಲ್ ನೆಲಮಾಳಿಗೆಯಲ್ಲಿ, ಯಾರಿಗೂ ನೆಟ್‌ವರ್ಕ್ ಇಲ್ಲ. ನಾನು ಮಗುವನ್ನು ಬಿಟ್ಟು ದೊಡ್ಡವರ ಮುಖ ನೋಡುತ್ತಾ ಕೂತೆ. ಗಾಬರಿಯೆಲ್ಲ ಅಲ್ಲಿತ್ತು. ಕೊನೆಗೆ ಅಪ್ಪ ಎತ್ತಿಕೊಂಡು ಹೊರಗೆ ನಡೆದ. ಪಾಯಸ ಬರುವ ಹೊತ್ತಿಗೆ ಮಗು ಅವನ ಹೆಗಲ ಮೇಲೆ ಬಿಕ್ಕುತ್ತಾ ವಾಪಸ್ ಬಂತು. ಎಲೆಯಿಂದ ಹಪ್ಪಳ ತಾನೇ ಎತ್ತಿಕೊಂಡು ಕಡಿಯಿತು. ಪಾಯಸ ಚೆನ್ನಾಗಿತ್ತು, ಅದು ಬೇರೆ ವಿಷಯ.

ಆ ಹೆಗಲ ಮೇಲೆ ಮಗು ಏನೋ ಕಲಿಯಿತು. ಸಿಟ್ಟು ಏರುತ್ತದೆ, ಆಮೇಲೆ ಇಳಿಯುತ್ತದೆ ಅನ್ನುವುದು ಹುಟ್ಟುವಾಗಲೇ ಗೊತ್ತಿರುವುದಿಲ್ಲ. ಯಾರಾದರೂ ಜೊತೆಗಿದ್ದು ಇಳಿಸಬೇಕು, ಸಾವಿರ ಸಲ. ಪ್ರತಿ ಸಲ ಮೊಬೈಲ್ ಬಂದರೆ ಆ ಅಭ್ಯಾಸ ಯಾವಾಗ ಆಗಬೇಕು?

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು 3ರಿಂದ 5 ವರ್ಷದ ಮಕ್ಕಳಿರುವ 422 ಪಾಲಕರನ್ನು ಕೇಳಿ, 2022ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸಮಾಧಾನಕ್ಕೆ ಪದೇ ಪದೇ ಮೊಬೈಲ್, ಟ್ಯಾಬ್ ಕೊಟ್ಟಲ್ಲಿ ಕೆಲವು ತಿಂಗಳ ನಂತರ ಸಿಟ್ಟು, ಹಠ ಜಾಸ್ತಿ ಕಂಡವು. ಗಂಡುಮಕ್ಕಳಲ್ಲಿ ಇನ್ನೂ ಜಾಸ್ತಿ. ಮೊಬೈಲೇ ಕಾರಣ ಅಂತ ಇದರಿಂದ ಸಾಬೀತಾಗುವುದಿಲ್ಲ. ಹಠಮಾರಿ ಮಗುವಿಗೇ ಮೊಬೈಲ್ ಬೇಗ ಸಿಗುತ್ತದೆ, ಅಲ್ವಾ? ಒಂದು ಇನ್ನೊಂದನ್ನು ಬೆಳೆಸುತ್ತಿರಬಹುದು.

ಅಳುವುದು ಕಾಯಿಲೆಯಲ್ಲ ಸ್ವಾಮಿ. ಬೀಸುವ ಕಲ್ಲಿನ ಮುಂದೆ ಕೂತ ನಮ್ಮ ಹೆಂಗಸರು ಅಳುವ ಮಗುವಿನ ಮೇಲೇ ಪದ ಕಟ್ಟಿ ಹಾಡಿದರು. ನಮಗೆ ಆ ಅಳು ಎರಡು ನಿಮಿಷ ತಡೆಯಲಾಗುವುದಿಲ್ಲ. ಪಕ್ಕದ ಫ್ಲ್ಯಾಟಿನವರು ಏನಂದಾರು, ಹೋಟೆಲಿನಲ್ಲಿ ಎಲ್ಲ ತಿರುಗಿ ನೋಡುತ್ತಾರೆ... ಮೊಬೈಲ್ ಮೊದಲು ಸಮಾಧಾನ ಮಾಡುವುದು ನಮ್ಮನ್ನು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ನಿದ್ದೆ, ಮಾತು ಕಲಿಯುವುದು, ಎರಡೂ ಬಾಕಿ. ಭಾರತೀಯ ಮಕ್ಕಳ ವೈದ್ಯರ ಸಂಘದ ಸಲಹೆ ಮಾತ್ರ ಹೇಳಿಬಿಡುತ್ತೇನೆ: ಎರಡು ವರ್ಷದೊಳಗೆ ಸ್ಕ್ರೀನ್ ಬೇಡ, ಮನೆಯವರ ಜೊತೆ ವಿಡಿಯೋ ಕಾಲ್ ಆಗಬಹುದು. ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ದಾಟಬಾರದು.

ಮೊಬೈಲ್ ಬಿಡಿಸುವುದನ್ನು ಊಟದ ಹೊತ್ತಿನಿಂದ ಶುರು ಮಾಡಿ. ಮೊದಲ ಕೆಲವು ದಿನ ಮನೆ ರಣರಂಗವೇ. ನಾಲ್ಕು ತುತ್ತು ಕಡಿಮೆ ತಿಂದರೂ ಗಾಬರಿ ಬೇಡ, ತೂಕ ನಾನು ನೋಡುತ್ತೇನೆ. ಮನೆಯಲ್ಲಿ ತಾತ ಇದ್ದರೆ ಅವರಿಗೂ ಮೊದಲೇ ಹೇಳಿಡಿ. ಗುಟ್ಟಾಗಿ ಮೊಬೈಲ್ ಕೊಡುವವರಲ್ಲಿ ಅವರೇ ಮುಂದು!