ಬಟ್ಟೆ ತುಳಿದವರ ಹೆಸರು

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ಒಂದು ಇಂಗ್ಲಿಷ್ ಮನೆತನದ ಹೆಸರಿನ ಬಗ್ಗೆ ಮಾತಾಡುತ್ತೇನೆ. ಆ ಹೆಸರು ವಾಕರ್. ಸ್ವಲ್ಪ ಇಂಗ್ಲಿಷ್ ಬಲ್ಲವರು ಯಾರಾದರೂ ಇದರ ಅರ್ಥವನ್ನು ತಕ್ಷಣ ಹೇಳಿಬಿಡುತ್ತಾರೆ. ವಾಕರ್ ಅಂದರೆ ನಡೆಯುವವನು, ಅಲ್ವಾ? ಇಂಗ್ಲೆಂಡಿನಲ್ಲೇ ಎಷ್ಟೋ ಜನ ಹಾಗೆ ತಿಳಿದುಕೊಂಡಿದ್ದಾರೆ. ಆದರೆ ಮೊದಲ ವಾಕರ್‌ಗಳು ನಡೆದು ಎಲ್ಲಿಗೂ ಹೋಗುತ್ತಿರಲಿಲ್ಲ. ಒಂದು ತೊಟ್ಟಿಯೊಳಗೆ ನಿಂತು ಒದ್ದೆ ಬಟ್ಟೆಯನ್ನು ಗಂಟೆಗಟ್ಟಲೆ ತುಳಿಯುತ್ತಿದ್ದರು. ಅದೇ ಅವರ ಕಸುಬು.

ಈ ಕಸುಬು ಏಕೆ ಬೇಕಿತ್ತು ಅಂದರೆ, ಮಗ್ಗದಿಂದ ಆಗಷ್ಟೇ ಇಳಿಸಿದ ಉಣ್ಣೆ ಬಟ್ಟೆಯನ್ನು ಹಾಗೇ ತೊಡಲು ಆಗುವುದಿಲ್ಲ. ಎಳೆಗಳ ನಡುವೆ ಸಂದು ಇರುತ್ತದೆ. ಗಾಳಿ ನುಗ್ಗುತ್ತದೆ, ಮಳೆ ನೀರು ಇಳಿಯುತ್ತದೆ. ಕುರಿಯ ಮೈಜಿಡ್ಡು, ನೂಲುವಾಗ ಸವರಿದ ಎಣ್ಣೆ ಎಲ್ಲ ಅದರಲ್ಲೇ ಇರುತ್ತವೆ. ಆ ಜಿಡ್ಡು ಹೋಗಬೇಕು, ಸಂದು ಮುಚ್ಚಬೇಕು. ಉಣ್ಣೆಯ ಕೂದಲಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿಪ್ಪುಗಳಿವೆ. ಬಿಸಿ, ತೇವ, ಒತ್ತಡ ಮೂರೂ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಿಗಿಯಾಗುತ್ತವೆ. ಉಣ್ಣೆಯ ಸ್ವೆಟರನ್ನು ಬಿಸಿ ನೀರಿಗೆ ಹಾಕಿ ಉಜ್ಜಿದರೆ ಅದು ಕುಗ್ಗಿ ಗಟ್ಟಿಯಾಗಿಬಿಡುತ್ತದಲ್ಲ, ಅದನ್ನೇ ಇವರು ಬೇಕೆಂದೇ ಮಾಡುತ್ತಿದ್ದರು. ತುಳಿದು ಮುಗಿಸುವ ಹೊತ್ತಿಗೆ ಬಟ್ಟೆ ಉದ್ದದಲ್ಲೂ ಅಗಲದಲ್ಲೂ ಕುಗ್ಗಿ, ದಪ್ಪವಾಗಿ, ಮಳೆ ಚಳಿಗೆ ತಡೆಯುವಂತೆ ಆಗುತ್ತಿತ್ತು.

ತೊಟ್ಟಿಯಲ್ಲಿ ಬರೀ ನೀರು ಇರುತ್ತಿರಲಿಲ್ಲ. ಜಿಡ್ಡು ತೆಗೆಯಲು ಹಾಕುತ್ತಿದ್ದದ್ದು ಮನುಷ್ಯರ ಮೂತ್ರ. ಕೇಳುವುದಕ್ಕೆ ಹೇಸಿಗೆ ಅನ್ನಿಸಬಹುದು. ಆದರೆ ಕೆಲವು ದಿನ ಇಟ್ಟು ಹಳಸಿದ ಮೂತ್ರದಲ್ಲಿ ಅಮೋನಿಯಾ ಹುಟ್ಟುತ್ತದೆ, ಅದು ಜಿಡ್ಡನ್ನು ಬಿಡಿಸುತ್ತದೆ. ಸಾಬೂನು ದುಬಾರಿಯಾಗಿದ್ದ ಕಾಲದಲ್ಲಿ ಪ್ರತಿ ಮನೆಯಲ್ಲೂ ಪುಕ್ಕಟೆ ಸಿಗುತ್ತಿದ್ದ ರಾಸಾಯನಿಕ ಅದು. ಮನೆಮನೆಯಿಂದ ಸಂಗ್ರಹಿಸಿ ತರುತ್ತಿದ್ದರು. ಇದರ ಜೊತೆಗೆ ಎಣ್ಣೆ ಹೀರುವ ಒಂದು ಬಗೆಯ ಜೇಡಿಮಣ್ಣನ್ನೂ ಬಳಸುತ್ತಿದ್ದರು. ಮುಖಕ್ಕೆ ಹಚ್ಚಿಕೊಳ್ಳಲು ನಮ್ಮ ಅಂಗಡಿಗಳಲ್ಲಿ ಸಿಗುವ ಮುಲ್ತಾನಿ ಮಿಟ್ಟಿ ಅದೇ ಜಾತಿಯ ಮಣ್ಣು. ಇಂಗ್ಲೆಂಡಿನಲ್ಲಿ ಅದನ್ನು ಸರ‍್ರೆ, ಬೆಡ್‌ಫರ್ಡ್‌ಷೈರ್ ಮತ್ತು ಬಾತ್ ಊರಿನ ಸುತ್ತಮುತ್ತ ಅಗೆದು ತೆಗೆಯುತ್ತಿದ್ದರು. ಉಣ್ಣೆಯ ಉದ್ಯಮಕ್ಕೆ ಅದು ಎಷ್ಟು ಮುಖ್ಯವಾಗಿತ್ತೆಂದರೆ, 17ನೇ ಶತಮಾನದಲ್ಲಿ ಆ ಮಣ್ಣನ್ನು ಹೊರದೇಶಕ್ಕೆ ಸಾಗಿಸಬಾರದೆಂದು ಕಾನೂನೇ ಇತ್ತು.

ತುಳಿದಾದ ಮೇಲೆ ಬಟ್ಟೆಯನ್ನು ಶುದ್ಧ ನೀರಿನಲ್ಲಿ ಜಾಲಿಸಿ, ಬಯಲಿನಲ್ಲಿ ಮರದ ಚೌಕಟ್ಟುಗಳಿಗೆ ಕೊಕ್ಕೆ ಹಾಕಿ ಎಳೆದು ಕಟ್ಟಿ ಒಣಗಿಸುತ್ತಿದ್ದರು. ಇಷ್ಟಾದ ಮೇಲೇ ಅದು ದರ್ಜಿಯ ಕೈಗೆ ಹೋಗುವುದು. ನೂಲುವವರು, ನೇಯುವವರು, ಬಣ್ಣ ಹಾಕುವವರ ಬಗ್ಗೆ ನಾವು ಎಲ್ಲೆಲ್ಲೋ ಓದಿರುತ್ತೇವೆ. ತುಳಿಯುವವರನ್ನು ನೆನೆಯುವವರು ಕಡಿಮೆ. ಮಧ್ಯಯುಗದ ಇಂಗ್ಲೆಂಡಿನ ಸಂಪತ್ತೆಲ್ಲ ನಿಂತಿದ್ದೇ ಉಣ್ಣೆಯ ಮೇಲೆ. ಲಂಡನ್ನಿನ ಪಾರ್ಲಿಮೆಂಟಿನ ಮೇಲ್ಮನೆಯಲ್ಲಿ ಸಭಾಪತಿ ಕೂರುವುದು ಇವತ್ತಿಗೂ ಉಣ್ಣೆ ತುಂಬಿದ ದೊಡ್ಡ ಮೆತ್ತೆಯ ಮೇಲೆ. ಆ ಸಂಪತ್ತಿನ ಕೆಳಗೆ ಈ ಬರಿಗಾಲುಗಳಿದ್ದವು ಅನ್ನುವುದೇ ನನಗೆ ಈ ಹೆಸರಿನಲ್ಲಿ ತುಂಬ ಮುಖ್ಯ ಅನ್ನಿಸುವ ಸಂಗತಿ.

ಇನ್ನು ಪದಕ್ಕೆ ಬರೋಣ. ಹಳೆಯ ಇಂಗ್ಲಿಷಿನಲ್ಲಿ ಈ ಕೆಲಸ ಮಾಡುವವನನ್ನು ಕರೆಯುತ್ತಿದ್ದ ಪದವೇ ವಾಕರ್ ಆಗಿದೆ. ಅದರ ಮೂಲ ಧಾತುವಿಗೆ ಉರುಳಿಸು, ಹೊರಳಾಡಿಸು ಎಂಬ ಅರ್ಥ. ಅದೇ ಧಾತು ಮುಂದೆ ‘ಅತ್ತಿತ್ತ ಓಡಾಡು’ ಅಂತಾಗಿ, ಕೊನೆಗೆ ‘ನಡೆ’ ಎಂಬ ಅರ್ಥಕ್ಕೆ ಬಂದು ನಿಂತಿತು. ಭಾಷೆ ಮುಂದೆ ಹೋಯಿತು. ಮನೆತನದ ಹೆಸರು ಮಾತ್ರ ಹಳೆಯ ಅರ್ಥವನ್ನೇ ಹಿಡಿದುಕೊಂಡಿತು. ಜರ್ಮನ್ ಭಾಷೆಯಲ್ಲೂ ಇದೇ ಕಸುಬಿನವರಿಗೆ ಇದೇ ಹೆಸರಿದೆ.

ಒಂದು ಅಪವಾದವನ್ನೂ ಹೇಳಬೇಕು. ನ್ಯೂಕಾಸಲ್ ನಗರದಲ್ಲಿ ವಾಕರ್ ಅನ್ನುವ ಒಂದು ಬಡಾವಣೆ ಇದೆ. ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಯ ಪಕ್ಕದ ಜೌಗುನೆಲ ಅಂತ ಆ ಊರ ಹೆಸರಿನ ಅರ್ಥ. ಕೆಲವು ಕುಟುಂಬಗಳಿಗೆ ಹೆಸರು ಆ ಊರಿನಿಂದ ಬಂದಿರಬಹುದು. ಉಳಿದಂತೆ ಬಹುತೇಕ ಎಲ್ಲವೂ ಬಟ್ಟೆ ತುಳಿದವರದ್ದೇ.

ಸ್ವಾರಸ್ಯ ಇರುವುದು ಭೂಪಟದಲ್ಲಿ. ಇದೇ ಕಸುಬಿಗೆ ಇಂಗ್ಲೆಂಡಿನಲ್ಲಿ ಮೂರು ಹೆಸರುಗಳಿದ್ದವು. ಉತ್ತರದಲ್ಲಿ ವಾಕರ್. ಆಗ್ನೇಯ ಮತ್ತು ಪೂರ್ವದ ಕಡೆ ಫುಲ್ಲರ್. ನೈಋತ್ಯದ ಡೆವನ್, ಸಾಮರ್ಸೆಟ್, ಕಾರ್ನ್‌ವಾಲ್ ಕಡೆ ಟಕ್ಕರ್. ಟಕ್ಕರ್ ಅನ್ನುವ ಪದದ ಮೂಲದಲ್ಲಿ ಹಿಂಸಿಸು ಎಂಬ ಅರ್ಥ ಇದೆ. ಬಟ್ಟೆಗೆ ಕೊಡುತ್ತಿದ್ದ ಹಿಂಸೆ ಅದು. ಡೆವನ್‌ನ ಎಕ್ಸೆಟರ್ ಪಟ್ಟಣದಲ್ಲಿ ಈ ಕಸುಬಿನವರ ಸಂಘ 1471ರಲ್ಲಿ ಕಟ್ಟಿಸಿಕೊಂಡ ಟಕ್ಕರ್ಸ್ ಹಾಲ್ ಇನ್ನೂ ನಿಂತಿದೆ. ಮೂರು ಹೆಸರು, ಮೂರು ಸೀಮೆ. 19ನೇ ಶತಮಾನದ ಜನಗಣತಿಯನ್ನು ನಕಾಶೆಯ ಮೇಲೆ ಹರಡಿ ನೋಡಿದರೂ ಈ ಮೂರು ಸೀಮೆಗಳು ಬೇರೆಬೇರೆಯಾಗಿ ಕಾಣುತ್ತವೆ. ವಾಕರ್‌ಗಳು ಯಾರ್ಕ್‌ಷೈರಿನಲ್ಲಿ ಕಿಕ್ಕಿರಿದಿದ್ದಾರೆ. ಲೀಡ್ಸ್, ಹ್ಯಾಲಿಫ್ಯಾಕ್ಸ್ ಅಂಥ ಉಣ್ಣೆಯ ಊರುಗಳಿರುವುದು ಅಲ್ಲೇ. ಆರು ಶತಮಾನ ಕಳೆದರೂ ಹೆಸರು ತನ್ನ ಸೀಮೆ ಬಿಟ್ಟು ಜಾಸ್ತಿ ದೂರ ಹೋಗಿರಲಿಲ್ಲ.

ವೇಲ್ಸ್‌ನಲ್ಲಿ ಬಟ್ಟೆ ತುಳಿಯುವ ಗಿರಣಿಗೆ ಪಂಡಿ ಅನ್ನುತ್ತಾರೆ. ಟೋನಿಪಂಡಿ ಅನ್ನುವ ಊರಿನ ಹೆಸರಿನಲ್ಲಿ ಇರುವುದು ಅದೇ. ಸ್ಕಾಟ್ಲೆಂಡಿನಲ್ಲಿ ಗೇಲಿಕ್ ಭಾಷೆಯ ‘ಬಟ್ಟೆ ತುಳಿಯುವವನ ಮಗ’ ಎಂಬ ಹೆಸರು ಇಂಗ್ಲಿಷಿಗೆ ತಿರುಗಿದಾಗ ಅದೂ ವಾಕರ್ ಆಯಿತು. ಅಲ್ಲಿನ ಹೆಬ್ರಿಡೀಸ್ ದ್ವೀಪಗಳಲ್ಲಿ ಈ ಕೆಲಸ ಹೆಂಗಸರದ್ದು. ಒದ್ದೆ ಬಟ್ಟೆಯನ್ನು ಉದ್ದನೆಯ ಹಲಗೆಯ ಮೇಲೆ ಇಟ್ಟು, ಸುತ್ತ ಕೂತು, ಕೈಯಿಂದ ಬಡಿಯುತ್ತಾ ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಿದ್ದರು. ಬಡಿತಕ್ಕೆ ಸರಿಯಾಗಿ ಒಬ್ಬಳು ಹಾಡು ಎತ್ತಿಕೊಡುತ್ತಿದ್ದಳು, ಉಳಿದವರು ಸೊಲ್ಲು ಸೇರಿಸುತ್ತಿದ್ದರು. 20ನೇ ಶತಮಾನದ ನಡುವಿನವರೆಗೂ ಈ ಪದ್ಧತಿ ಇತ್ತು. ಸಂಗ್ರಾಹಕರು ಆ ಹಾಡುಗಳನ್ನು ಧ್ವನಿಮುದ್ರಿಸಿ ಇಟ್ಟಿರುವುದು ನಮ್ಮ ಅದೃಷ್ಟ. ಅವನ್ನು ಕೇಳಿದರೆ ಬಟ್ಟೆಯ ಬಡಿತವೇ ತಾಳ.

ಈ ಕಸುಬಿನ ಕಾಲುಗಳಿಗೆ ಕಷ್ಟ ಬಂದದ್ದು 12ನೇ ಶತಮಾನದಲ್ಲಿ. ಹೊಳೆಯ ನೀರಿನಿಂದ ತಿರುಗುವ ಚಕ್ರಕ್ಕೆ ಮರದ ಭಾರಿ ಸುತ್ತಿಗೆಗಳನ್ನು ಜೋಡಿಸಿದರು. ಅವು ಎದ್ದು ಬಿದ್ದು ತೊಟ್ಟಿಯಲ್ಲಿನ ಬಟ್ಟೆಯನ್ನು ಬಡಿಯುತ್ತಿದ್ದವು. ಟೆಂಪ್ಲರ್ ಎಂಬ ಕ್ರೈಸ್ತ ಯೋಧರ ಪಂಗಡದ 1185ರ ಆಸ್ತಿ ದಾಖಲೆಯಲ್ಲಿ ಯಾರ್ಕ್‌ಷೈರಿನ ನ್ಯೂಸಮ್ ಎಂಬಲ್ಲಿ ಇಂಥದ್ದೊಂದು ಗಿರಣಿ ಇತ್ತೆಂದು ಬರೆದಿದೆ. ಹೊಳೆಯೂ ಜಮೀನೂ ಒಡೆಯರ ಕೈಯಲ್ಲಿ. ಹಾಗಾಗಿ ಗಿರಣಿಯೂ ಅವರದ್ದೇ. ಬಟ್ಟೆಯನ್ನು ನಮ್ಮ ಗಿರಣಿಗೇ ತರಬೇಕು, ಕೂಲಿ ಕೊಡಬೇಕು ಅಂತ ಒಡೆಯರು ಹಟ ಹಿಡಿದರು.

ಜನ ಸುಮ್ನೆ ಒಪ್ಪಲಿಲ್ಲ. ಲಂಡನ್ನಿನ ಉತ್ತರಕ್ಕಿರುವ ಸೇಂಟ್ ಆಲ್ಬನ್ಸ್‌ನಲ್ಲಿ 1274ರಲ್ಲಿ ದೊಡ್ಡ ಜಗಳವೇ ಆಯಿತು. ಅಲ್ಲಿನ ಮಠದ ಹಿರಿಯರು ಗಿರಣಿ ಕಟ್ಟಿಸಿದ್ದರು. ಊರಿನವರು ಮಾತ್ರ ಮನೆಯಲ್ಲೇ ಬಟ್ಟೆ ತುಳಿದುಕೊಳ್ಳುತ್ತಿದ್ದರು. ಮಠದವರು ಮನೆಗಳಿಗೆ ನುಗ್ಗಿ ಬಟ್ಟೆ ಹಿಡಿಯಲು ಹೊರಟಾಗ ಊರಿನವರು ಎದುರು ನಿಂತರು, ಹಣ ಕೂಡಿಸಿ ವ್ಯಾಜ್ಯ ಹೂಡಿದರು. ರಾಣಿ ಎಲೀನರ್ ಆ ದಾರಿಯಲ್ಲಿ ಬಂದಾಗ ಹೆಂಗಸರು ಅವಳ ಮುಂದೆ ದೂರು ಹೇಳಿಕೊಂಡರು. ಕೊನೆಗೆ ಗೆದ್ದದ್ದು ಮಠವೇ. ಲಂಡನ್ನಿನಲ್ಲೂ 1298ರಲ್ಲಿ ಇಂಥದ್ದೇ ತಕರಾರು ಎದ್ದಿತು. ನಗರದ ಬಟ್ಟೆಯನ್ನು ಹೊರಗಿನ ಗಿರಣಿಗಳಿಗೆ ಕಳಿಸುವುದು ಬೇಡ ಅನ್ನುವುದು ಅಲ್ಲಿನವರ ಬೇಡಿಕೆ. ತಮ್ಮ ಮನೆಯಲ್ಲಿ, ತಮ್ಮ ಕಾಲಿನಿಂದ, ತಮ್ಮ ಬಟ್ಟೆ ತುಳಿದುಕೊಳ್ಳುವ ಹಕ್ಕಿಗಾಗಿ ಆ ಜನ ಹೋರಾಡಿದ್ದನ್ನು ಓದುವಾಗ ನನ್ನ ಮನಸ್ಸು ಪೂರ್ತಿ ಅವರ ಕಡೆಗಿರುತ್ತದೆ.

ಇದೇ ಕಾಲದಲ್ಲೇ ಇಂಗ್ಲೆಂಡಿನಲ್ಲಿ ಕಸುಬಿನ ಹೆಸರು ಮನೆತನದ ಹೆಸರಾಗಿ ಗಟ್ಟಿಯಾದದ್ದು. ಒಂದೇ ಹಳ್ಳಿಯಲ್ಲಿ ಹತ್ತು ಜಾನ್‌ಗಳಿದ್ದರೆ ತೆರಿಗೆಯ ಗುಮಾಸ್ತ ಏನು ಮಾಡಬೇಕು? ಬಟ್ಟೆ ತುಳಿಯುವ ಜಾನ್ ಅಂತ ಬರೆದುಕೊಂಡ. ಮಗ ಬೇರೆ ಕೆಲಸಕ್ಕೆ ಹೋದರೂ ಹೆಸರು ಉಳಿಯಿತು. ನಮ್ಮ ಉತ್ತರ ಕರ್ನಾಟಕದಲ್ಲಿ ಬಡಿಗೇರ, ಕಮ್ಮಾರ, ಪತ್ತಾರ, ಹೂಗಾರ ಅನ್ನುವ ಅಡ್ಡಹೆಸರಿನ ಮೇಷ್ಟ್ರು, ಡಾಕ್ಟರು ಎಷ್ಟು ಜನ ಇಲ್ಲ ಹೇಳಿ. 1538ರಿಂದ ಚರ್ಚುಗಳು ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಬರೆದಿಡಬೇಕೆಂಬ ಆಜ್ಞೆ ಬಂತು. ಅಲ್ಲಿಂದ ಹೆಸರುಗಳು ಇನ್ನಷ್ಟು ಭದ್ರವಾದವು. ಈ ಹೆಸರು ನೂರಾರು ಹಳ್ಳಿಗಳಲ್ಲಿ ಬೇರೆಬೇರೆಯಾಗಿ ಹುಟ್ಟಿದೆ. ಹಾಗಾಗಿ ಇಬ್ಬರು ವಾಕರ್‌ಗಳು ನೆಂಟರೇ ಆಗಿರಬೇಕಿಲ್ಲ. ಇವತ್ತು ಬ್ರಿಟನ್ನಿನ ಅತಿ ಸಾಮಾನ್ಯವಾದ ಮೊದಲ ಇಪ್ಪತ್ತು ಮನೆತನದ ಹೆಸರುಗಳಲ್ಲಿ ವಾಕರ್ ಕೂಡ ಒಂದು.

ಹಳೆಯ ಅರ್ಥ ಮರೆಯಾಗಲು ಒಂದು ಚಿತ್ರವೂ ಕಾರಣ. ಸ್ಕಾಟ್ಲೆಂಡಿನ ಕಿಲ್ಮಾರ್ನಕ್ ಊರಿನಲ್ಲಿ ಜಾನ್ ವಾಕರ್ ಅನ್ನುವ ಹುಡುಗ 1820ರಲ್ಲಿ ದಿನಸಿ ಅಂಗಡಿ ಇಟ್ಟ. ಅವನ ಮನೆತನದ ವಿಸ್ಕಿ ಲೋಕಪ್ರಸಿದ್ಧವಾಯಿತು. 1908ರಲ್ಲಿ ಚಿತ್ರಕಾರ ಟಾಮ್ ಬ್ರೌನ್ ಆ ಕಂಪನಿಗೆ ಒಂದು ಗುರುತು ಬರೆದುಕೊಟ್ಟ. ಎತ್ತರದ ಟೋಪಿ, ಕೈಯಲ್ಲಿ ಕೋಲು, ಬೀಸುಹೆಜ್ಜೆ ಹಾಕುವ ಮನುಷ್ಯ. ಆಮೇಲೆ ವಾಕರ್ ಅಂದರೆ ಜಗತ್ತಿಗೆಲ್ಲ ಆ ನಡೆಯುವ ಮನುಷ್ಯನೇ. ಅದೇ ಹೆಸರು ಮುಂಬೈಗೂ ಬಂತು. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ತ್ ಅವರು ಬದ್ರುದ್ದೀನ್ ಕಾಜಿ ಅನ್ನುವ ಬಸ್ ಕಂಡಕ್ಟರ್ ಒಬ್ಬರಿಗೆ ಸಿನಿಮಾದಲ್ಲಿ ಅವಕಾಶ ಕೊಟ್ಟು, ಜಾನಿ ವಾಕರ್ ಅಂತ ಹೆಸರಿಟ್ಟರು. ಕುಡುಕನ ಪಾತ್ರದಲ್ಲಿ ಅವರು ಇಡೀ ದೇಶವನ್ನು ನಗಿಸಿದರು.

ಇನ್ನು ಅಮೆರಿಕ. 2010ರ ಅಮೆರಿಕದ ಜನಗಣತಿಯಲ್ಲಿ ಈ ಹೆಸರಿನವರು 5 ಲಕ್ಷ 23 ಸಾವಿರ ಜನ. ಹೆಸರುಗಳ ಪಟ್ಟಿಯಲ್ಲಿ 31ನೇ ಸ್ಥಾನ. ಅವರಲ್ಲಿ ಸುಮಾರು ಮೂರನೇ ಒಂದು ಭಾಗ ಕಪ್ಪು ಜನರು. ಇದರ ಹಿಂದೆ ನೋವಿನ ಕಥೆ ಇದೆ. ಗುಲಾಮರಾಗಿದ್ದವರ ಮನೆತನದ ಹೆಸರನ್ನು ಒಡೆಯರು ಲೆಕ್ಕಕ್ಕೇ ಇಟ್ಟಿರಲಿಲ್ಲ. ಬಿಡುಗಡೆಯಾದ ಮೇಲೆ, 1870ರ ಜನಗಣತಿಯಲ್ಲಿ ಅವರೆಲ್ಲರ ಪೂರ್ತಿ ಹೆಸರು ಮೊದಲ ಸಲ ದಾಖಲಾಯಿತು. ಕೆಲವರು ಹಳೆಯ ಒಡೆಯನ ಹೆಸರನ್ನೇ ಉಳಿಸಿಕೊಂಡರು, ಕೆಲವರು ಬೇರೆ ಹೆಸರು ಆರಿಸಿಕೊಂಡರು.

ಆ ಪೈಕಿ ಇಬ್ಬರು ಹೆಣ್ಣುಮಕ್ಕಳನ್ನು ಹೆಸರಿಸಲೇಬೇಕು. ಇಬ್ಬರಿಗೂ ಈ ಹೆಸರು ಬಂದದ್ದು ಮದುವೆಯಿಂದ. ಮೇಡಮ್ ಸಿ. ಜೆ. ವಾಕರ್ 1867ರಲ್ಲಿ ಲೂಸಿಯಾನಾದಲ್ಲಿ ಹುಟ್ಟಿದವರು, ಅವರ ಮನೆಯಲ್ಲಿ ಸ್ವತಂತ್ರವಾಗಿ ಹುಟ್ಟಿದ ಮೊದಲ ಮಗು. ವರ್ಷಗಟ್ಟಲೆ ಬೇರೆಯವರ ಬಟ್ಟೆ ಒಗೆದು ಬದುಕಿದರು. ಆಮೇಲೆ ಕೂದಲ ಆರೈಕೆಯ ಸಾಮಾನುಗಳ ವ್ಯಾಪಾರ ಕಟ್ಟಿ ದೊಡ್ಡ ಶ್ರೀಮಂತೆಯಾದರು, ಸಾವಿರಾರು ಕಪ್ಪು ಹೆಂಗಸರಿಗೆ ಕೆಲಸ ಕೊಟ್ಟರು. ಇನ್ನೊಬ್ಬರು ಮ್ಯಾಗಿ ವಾಕರ್. ತಾಯಿ ಬಟ್ಟೆ ಒಗೆಯುತ್ತಿದ್ದರು, ಮ್ಯಾಗಿ ಒಗೆದ ಬಟ್ಟೆಯನ್ನು ಮನೆಮನೆಗೆ ಹೊತ್ತು ಮುಟ್ಟಿಸುತ್ತಿದ್ದರು. 1903ರಲ್ಲಿ ಅವರು ವರ್ಜೀನಿಯಾದ ರಿಚ್ಮಂಡ್‌ನಲ್ಲಿ ಬ್ಯಾಂಕ್ ಸ್ಥಾಪಿಸಿದರು. ಅಮೆರಿಕದಲ್ಲಿ ಬ್ಯಾಂಕ್ ತೆರೆದ ಮೊದಲ ಕಪ್ಪು ಮಹಿಳೆ ಅವರೇ. ಬಟ್ಟೆಯ ಕೊಳೆ ತೆಗೆಯುವವರ ಹೆಸರು ಮತ್ತೆ ಬಟ್ಟೆ ಒಗೆದ ಕೈಗಳಿಗೇ ಬಂದು ಸೇರಿತ್ತು, ಅದೂ ಗೊತ್ತಿಲ್ಲದೆ.

ನಮಗೆ ಹತ್ತಿರದ ಒಬ್ಬ ವಾಕರ್ ಬಗ್ಗೆ ಹೇಳಿ ಮುಗಿಸುತ್ತೇನೆ. ಗಿಲ್ಬರ್ಟ್ ವಾಕರ್ 1868ರಲ್ಲಿ ಲ್ಯಾಂಕಷೈರಿನ ರಾಚ್‌ಡೇಲ್‌ನಲ್ಲಿ ಹುಟ್ಟಿದರು. ಅದೂ ಹಳೆಯ ಉಣ್ಣೆಯ ಊರೇ. ಕೇಂಬ್ರಿಜ್‌ನಲ್ಲಿ ಗಣಿತ ಓದಿದವರು. ಹವಾಮಾನದ ಕೆಲಸ ಮಾಡಿದ ಅನುಭವ ಇರಲಿಲ್ಲ. ಆದರೂ 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾದರು. ಕೆಲವೇ ವರ್ಷಗಳ ಹಿಂದೆ, 1899ರಲ್ಲಿ, ಮುಂಗಾರು ಕೈಕೊಟ್ಟು ಭೀಕರ ಬರ ಬಿದ್ದಿತ್ತು. ಮಳೆಯನ್ನು ಮುಂಚೆಯೇ ಹೇಳಲು ಸಾಧ್ಯವೇ ಅನ್ನುವ ಪ್ರಶ್ನೆಗೆ ಅವರು ಇಪ್ಪತ್ತು ವರ್ಷ ಕೊಟ್ಟರು. ಕಂಪ್ಯೂಟರ್ ಇಲ್ಲದ ಕಾಲ. ಇಲಾಖೆಯ ಭಾರತೀಯ ಗುಮಾಸ್ತರು ಜಗತ್ತಿನ ಮೂಲೆಮೂಲೆಯ ಮಳೆ, ಗಾಳಿಯ ಒತ್ತಡದ ಅಂಕಿಗಳನ್ನು ಕೈಯಲ್ಲೇ ಲೆಕ್ಕ ಹಾಕಿದರು. ಶಾಂತಸಾಗರದ ಮೇಲೆ ಒತ್ತಡ ಏರಿದಾಗ ಹಿಂದೂ ಮಹಾಸಾಗರದ ಮೇಲೆ ಇಳಿಯುತ್ತದೆ, ಅಲ್ಲಿ ಇಳಿದರೆ ಇಲ್ಲಿ ಏರುತ್ತದೆ. ಈ ಏರಿಳಿತವನ್ನು ಅವರು ಗುರುತಿಸಿದರು. 1969ರಲ್ಲಿ ಜೇಕಬ್ ಬ್ಯೆರ್ಕ್ನೆಸ್ ಎಂಬ ವಿಜ್ಞಾನಿ ಶಾಂತಸಾಗರದ ಮೇಲೆ ಗಾಳಿ ಸುತ್ತುವ ದೊಡ್ಡ ಚಕ್ರಕ್ಕೆ ‘ವಾಕರ್ ಪರಿಚಲನೆ’ ಅಂತ ಹೆಸರಿಟ್ಟರು. ಶಾಂತಸಾಗರದ ನೀರು ವಾಡಿಕೆಗಿಂತ ಬಿಸಿಯಾಗುವ ಎಲ್ ನಿನೋ ವರ್ಷಗಳಲ್ಲಿ ದುರ್ಬಲವಾಗುವುದು ಈ ಸುತ್ತೇ. ಆಗ ನಮ್ಮ ಕಡೆ ಮುಂಗಾರು ಸೊರಗುವ ಸಂಭವ ಜಾಸ್ತಿ. ಕಲಬುರಗಿಯ ತೊಗರಿ ಬೆಳೆಗಾರರು, ಕಾವೇರಿ ಬಯಲಿನ ಭತ್ತದ ರೈತರು ಪ್ರತಿ ಬೇಸಿಗೆಯ ಕೊನೆಗೆ ಕಾಯುವ ಮಳೆಯ ಮುನ್ಸೂಚನೆಯ ಲೆಕ್ಕದಲ್ಲಿ ಇವತ್ತಿಗೂ ಆ ಮನುಷ್ಯನ ಕೆಲಸ ಸೇರಿದೆ.

ನಮಸ್ಕಾರ.