ಚಿಕ್ಕಮ್ಮನ ಕತ್ತಿಗೆ ಎರಡನೇ ಸಲ ಹಿಡಿ

ಹಿಂದೆ ಕೇಳುತ್ತಿರುವ ಸದ್ದು ಮೈಕಿನದ್ದಲ್ಲ, ಹಂಚಿನ ಮೇಲೆ ಬೀಳುತ್ತಿರುವ ಮಳೆಯದ್ದು. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಆರಿದ್ರಾ ಮಳೆ ಹಿಡಿದರೆ ಬಿಡುವ ಮಾತೇ ಇಲ್ಲ. ಹಾಗಾಗಿ ಇವತ್ತಿನದೆಲ್ಲ ಸೌದೆ ಕೊಟ್ಟಿಗೆಯಲ್ಲೇ.

ಮಣೆಯ ಮೇಲೆ ಕಾಣುತ್ತಿದೆಯಲ್ಲ, ಇದು ಹೋದ ವರ್ಷ ಮಾಡಿದ ಕತ್ತಿ. ಅಲಗು ಊರಿನ ಆಚಾರ್ರು ಲಾರಿ ಪ್ಲೇಟಿನಿಂದ, ಅಂದರೆ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ, ಬಡಿದು ಕೊಟ್ಟದ್ದು. ಹಿಡಿ ಮಾತ್ರ ನನ್ನ ಕೆಲಸ. ಚಿಕ್ಕಮ್ಮನಿಗೆ ಅಂತ ಭಾರಿ ಜಂಬದಿಂದ ಕೊಟ್ಟಿದ್ದೆ. ಹೋದ ವಾರ ಹಲಸಿನಕಾಯಿ ಸೀಳುವಾಗ ಹಿಡಿಯ ಒಂದು ಕಡೆಯ ಮರ ಟಪ್ ಅಂತ ಕಳಚಿ ಬಿತ್ತು. ಪುಣ್ಯಕ್ಕೆ ಕೈಗೆ ಏನೂ ಆಗಲಿಲ್ಲ. ಚಿಕ್ಕಮ್ಮ ಬೈಯಲೂ ಇಲ್ಲ. ಹಳೇ ಸೀರೆಯ ಅಂಚು ಹರಿದು ಹಿಡಿಗೆ ಸುತ್ತಿ, ಗಂಟು ಹಾಕಿ, ಉಳಿದ ಹಲಸಿನಕಾಯಿ ಸೀಳಿ ಮುಗಿಸಿದರು. ಆಮೇಲೆ, "ನಿನ್ನ ಕತ್ತಿಗೆ ಪೆಟ್ಟಾಗಿತ್ತು ಮಾರಾಯ, ಪಟ್ಟಿ ಕಟ್ಟಿದೀನಿ" ಅಂದರು. ಬೈದಿದ್ದರೇ ವಾಸಿ ಇತ್ತು.

ಹಿಡಿಯ ಮರವನ್ನು ಕಬ್ಬಿಣಕ್ಕೆ ಕೂರಿಸಿದ್ದ ಅಂಟೇ ಸರಿ ಇರಲಿಲ್ಲ ಅಂತ ನಾನು ಅಂದುಕೊಂಡಿದ್ದೆ. ಕ್ಯಾಮೆರಾ ಸ್ವಲ್ಪ ಹತ್ತಿರ ತರುತ್ತೇನೆ, ನೋಡಿ. ಅಂಟು ಪೂರ್ತಿ ಮರದ ಮೇಲೇ ಕೂತಿದೆ, ಗಾಜಿನ ಹಾಗೆ. ಕಬ್ಬಿಣದ ಮೇಲೆ ಒಂದು ಚೂರೂ ಇಲ್ಲ. ಈ ಮೂಲೆಯಲ್ಲಿ ಸಣ್ಣ ಸಣ್ಣ ಗೆರೆ ಕಾಣುತ್ತಿದೆಯಾ, ಸುರುಳಿ ಸುರುಳಿಯಾಗಿ? ನನ್ನ ಹೆಬ್ಬೆರಳಿನ ಗುರುತು! ಒರೆಸಿದ ಮೇಲೆ ಮತ್ತೆ ಕಬ್ಬಿಣ ಮುಟ್ಟಿದ್ದೇನೆ. ಬೆರಳಿನ ಜಿಡ್ಡು ಅಲ್ಲೇ ಉಳಿದು, ಅದರ ಮೇಲೆ ಅಂಟು ಗಟ್ಟಿಯಾಗಿದೆ. ಕಬ್ಬಿಣವನ್ನು ಬೇರೆ ಕನ್ನಡಿ ಹಾಗೆ ಉಜ್ಜಿದ್ದೆ, ಚಂದ ಕಾಣಲಿ ಅಂತ. ಮರದೊಳಗೆ ಮುಚ್ಚಿಹೋಗುವ ಜಾಗಕ್ಕೆ ಎಂಥ ಚಂದ, ಅಲ್ವಾ?

ಆಚಾರ್ರ ಅಪ್ಪನ ಕಾಲದಲ್ಲಿ ಈ ತಾಪತ್ರಯ ಇರಲಿಲ್ಲ. ಹಿಡಿಯೊಳಗೆ ಹೋಗುವ ಭಾಗವನ್ನು ನಾನು ಬಾಲ ಅಂತೀನಿ. ಅದು ಆಗ ಚೂಪಾಗಿ ಇರುತ್ತಿತ್ತು. ಮರಕ್ಕೆ ತೂತು ಕೊರೆದು, ಅರಗಿನ ಪುಡಿ ತುಂಬಿ, ಬಾಲವನ್ನು ಕಾಯಿಸಿ ಒಳಗೆ ತುರುಕುತ್ತಿದ್ದರು. ಅರಗು ಕರಗಿ, ಆರಿದ ಮೇಲೆ ಹಿಡಿದುಕೊಳ್ಳುತ್ತಿತ್ತು. ಅಲಗಿಗೆ ಮಾತ್ರ ಒದ್ದೆ ಬಟ್ಟೆ ಸುತ್ತಬೇಕು, ಇಲ್ಲದಿದ್ದರೆ ಬಿಸಿ ಹತ್ತಿ ಹದ, ಅಂದರೆ ಕಬ್ಬಿಣದ ಗಡಸು, ಹೋಗುತ್ತದೆ. ಹಿಡಿ ಸಡಿಲವಾದರೆ ಮತ್ತೆ ಕಾಯಿಸಿದರಾಯ್ತು. ನನ್ನದು ಚಪ್ಪಟೆ ಬಾಲ. ಎರಡೂ ಕಡೆ ಮರದ ತುಂಡು, ನಡುವೆ ಎಪಾಕ್ಸಿ, ಅಂದರೆ ಎರಡು ಟ್ಯೂಬಿನದನ್ನು ಕಲಸಿ ಹಚ್ಚುವ ಅಂಟು. ಅಂಟಿಸುವ ಮೊದಲು ಮಾಡಿದ ಕೆಲಸವೇ ಇದಕ್ಕೆ ಗತಿ.

ಮರ ಬೀಟೆ. ಹೊಸದಾಗಿ ಕಡಿದದ್ದಲ್ಲ. ಸ್ವಂತ ತೋಟದಲ್ಲೇ ಬೆಳೆದಿದ್ದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಬೀಟೆ ಮುಟ್ಟುವ ಹಾಗಿಲ್ಲ. ಇದು ಅಜ್ಜನ ಮಂಚದ ಮುರಿದ ಕಾಲು. ಒಂದು ವರ್ಷ ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಆಗುಂಬೆಯ ಮಗ್ಗುಲಲ್ಲಿ ಕೂತು ಒಣ ಮರ ಬೇಕು ಅಂದರೆ ಆ ಅಟ್ಟ ಒಂದೇ ದಾರಿ. ಹಸಿ ಮರ ಅಂಟಿಸಿದರೆ ಬೇಸಿಗೆಯಲ್ಲಿ ಅಡ್ಡಕ್ಕೆ ಕುಗ್ಗಿ ಕಬ್ಬಿಣದಿಂದ ಬಿಟ್ಟುಕೊಳ್ಳುತ್ತದೆ.

ತೂತು ಕೊರೆಯುವುದನ್ನು ವಿಡಿಯೋದಲ್ಲಿ ಓಡಿಸಿಬಿಡುತ್ತೇನೆ. ಮರ, ಬಾಲ ಎಲ್ಲವನ್ನೂ ಹಾದು ಕೂರುವ 5 ಮಿಲಿಮೀಟರ್ ಹಿತ್ತಾಳೆ ಕಡ್ಡಿ ಎರಡು, ಅಷ್ಟೇ ಅಗಲದ ತೂತು. ಬಾಲದ ತೂತುಗಳನ್ನು ಹದ ಹಾಕುವ ಮೊದಲೇ ಕೊರೆಸಿದ್ದೆ, ಆಮೇಲೆ ಡ್ರಿಲ್ ಇಳಿಯುವುದು ಕಷ್ಟ. ಇಲ್ಲಿ ಒಂದು ಮಾತು. ಮರದ ಮುಂತುದಿ, ಅಂದರೆ ಅಲಗಿನ ಕಡೆಗಿರುವ ಅಂಚು, ಅದನ್ನು ಈಗಲೇ ಉಜ್ಜಿ ನುಣುಪು ಮಾಡಬೇಕು. ಅಂಟಿಸಿದ ಮೇಲೆ ಉಜ್ಜಲು ಹೋದರೆ ಅಲಗಿಗೆ ಗೀರು ಬೀಳುತ್ತದೆ. ಹೇಗೆ ಗೊತ್ತು ಅಂತ ಕೇಳಬೇಡಿ.

ಈಗ ಅಸಲಿ ಕೆಲಸ. ಬಾಲವನ್ನು 60 ನಂಬರಿನ ಎಮರಿ ಪೇಪರಿನಲ್ಲಿ ಅಡ್ಡಾದಿಡ್ಡಿ ಉಜ್ಜುತ್ತಿದ್ದೇನೆ. ಬೆಕ್ಕು ಪರಚಿದ ಹಾಗೆ ಕಾಣಬೇಕು. ಮರದ ಒಳಮೈಗೂ ಅದೇ, ಆದರೆ ಅಂಚು ಬಿಟ್ಟು. ಅಂಚು ಸಪಾಟಾಗಿಯೇ ಇರಬೇಕು, ಇಲ್ಲದಿದ್ದರೆ ಸಂದು ಕಾಣುತ್ತದೆ. ಆಮೇಲೆ ಜಿಡ್ಡು ತೆಗೆಯುವ ದ್ರಾವಣ ಅಸಿಟೋನ್, ಅದರಲ್ಲಿ ಅದ್ದಿದ ಬಿಳಿ ಬಟ್ಟೆ. ಮೊದಲ ಸಲ ಬಟ್ಟೆ ಕಪ್ಪಾಯ್ತು. ಎರಡನೇ ಸಲ ಬೂದಿ ಬಣ್ಣ. ನಾಲ್ಕನೇ ಸಲ ಬಿಳಿಯಾಗಿಯೇ ಉಳಿಯಿತು. ಬೀಟೆಯೊಳಗೇ ಎಣ್ಣೆ ಇರುತ್ತದೆ, ಅದನ್ನೂ ಒರೆಸಬೇಕು. ಒರೆಸಿದಾಗ ಬಟ್ಟೆಗೆ ನೇರಳೆ ಬಣ್ಣ ಹತ್ತುತ್ತದೆ, ಗಾಬರಿ ಬೇಡ.

ಜಿಡ್ಡು ಹೋಯ್ತಾ ಇಲ್ಲವಾ ನೋಡಲು ಸುಮ್ನೆ ಒಂದು ಹನಿ ನೀರು ಸಾಕು. ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ಹನಿ ಗುಂಡಾಗಿ ನಿಂತರೆ ಜಿಡ್ಡು ಇದೆ. ಇಲ್ಲಿ ನೋಡಿ, ತೆಳ್ಳಗೆ ಹರಡಿ ಹೋಯ್ತು. ಸರಿ. ಒಣಗಿಸಿ, ಇನ್ನೊಂದು ಸಲ ಅಸಿಟೋನ್. ಇಲ್ಲಿಂದ ಮುಂದೆ ಕೈಗವಸು. ಫೋನ್ ಬಂದರೂ ಎತ್ತುವುದಿಲ್ಲ.

ಅಂಟು ಕಲಸಲು ಅಡಿಕೆ ಹಾಳೆಯ ತುಂಡು, ಒಂದು ವಾಟೆ ಬಿದಿರಿನ ಕಡ್ಡಿ. ಈ ಥಂಡಿಗೆ ಟ್ಯೂಬಿನೊಳಗೆ ಅಂಟು ಹಳೇ ಜೇನಿನ ಹಾಗೆ ಗಟ್ಟಿಯಾಗಿತ್ತು. ಮುಚ್ಚಳ ಬಿಗಿ ಮಾಡಿ ಬಿಸಿನೀರಿನ ಚೊಂಬಿನಲ್ಲಿ ಇಟ್ಟು ತೆಗೆದೆ. ಐದು ನಿಮಿಷದ ಅಂಟು ಬೇಡ, ನಿಧಾನಕ್ಕೆ ಗಟ್ಟಿಯಾಗುವುದೇ ಬೇಕು. ಎರಡೂ ಟ್ಯೂಬಿನಿಂದ ಸಮಸಮ. ಗೆರೆಗೆರೆಯಾಗಿ ಕಾಣುವುದು ನಿಲ್ಲುವವರೆಗೆ ಕಲಸಬೇಕು, ಅಂದಾಜು ಎರಡು ನಿಮಿಷ. ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಅಂತ ಹಾರ್ಡನರ್, ಅಂದರೆ ಗಟ್ಟಿ ಮಾಡುವ ಟ್ಯೂಬಿನದು, ಹೆಚ್ಚು ಸುರಿಯಬೇಡಿ. ಒಳಗೆ ಮೆತ್ತಗೇ ಉಳಿದುಬಿಡುತ್ತದೆ.

ಎರಡೂ ಕಡೆ ಹಚ್ಚಿ, ಮರ ಕೂರಿಸಿ, ಹಿತ್ತಾಳೆ ಕಡ್ಡಿ ತಳ್ಳಿ, ಒತ್ತಿ ಹಿಡಿಯಲು ಕ್ಲಾಂಪ್. ಅಲಗಿಗೆ ಮೊದಲೇ ಟೇಪ್ ಸುತ್ತಿದ್ದೇನೆ. ಕ್ಲಾಂಪ್ ಬಿಗಿ ಮಾಡುವಾಗ ಕೈ ತಡೆಯುವುದಿಲ್ಲ, ಇನ್ನೊಂದು ಸುತ್ತು ತಿರುಗಿಸೋಣ ಅನ್ನಿಸುತ್ತದೆ. ತಿರುಗಿಸಿದರೆ ಅಂಟೆಲ್ಲ ಹೊರಗೆ ಬಂದು ಒಳಗೆ ಏನೂ ಉಳಿಯುವುದಿಲ್ಲ. ಸುತ್ತಲೂ ಸಣ್ಣ ಮಣಿಯ ಹಾಗೆ ಅಂಟು ಇಣುಕಿದರೆ ಸಾಕು. ಮುಂತುದಿಯಲ್ಲಿ ಇಣುಕಿದ್ದನ್ನು ಈಗಲೇ ಒರೆಸಿಬಿಡುತ್ತೇನೆ. ಗಟ್ಟಿಯಾದ ಮೇಲೆ ಅದು ಬಿಡುವುದಿಲ್ಲ.

24 ಗಂಟೆ ಬಚ್ಚಲೊಲೆಯ ಹತ್ತಿರ, ಸ್ವಲ್ಪ ದೂರದಲ್ಲೇ. ಬೆಚ್ಚಗಿದ್ದರೆ ಒಳ್ಳೆಯದು, ಸುಡಬಾರದು. ಹಾಳೆಯ ಮೇಲೆ ಉಳಿದ ಅಂಟನ್ನೂ ಪಕ್ಕದಲ್ಲೇ ಇಟ್ಟೆ. ಬೆಳಿಗ್ಗೆ ಅದಕ್ಕೆ ಉಗುರು ಒತ್ತಿ ನೋಡಿದೆ, ಗುರುತೇ ಬೀಳಲಿಲ್ಲ. ಕ್ಲಾಂಪ್ ಬಿಚ್ಚಿದೆ.

ಅರ ಹಾಕಿ ಆಕಾರ ತರುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಬೀಟೆಯ ಧೂಳು ಕೆಲವರಿಗೆ ಆಗುವುದಿಲ್ಲ. ಮೆಷಿನ್ನಿನಲ್ಲಿ ಉಜ್ಜಿದರೆ ಹಿತ್ತಾಳೆ ಬೇಗ ಕಾಯುತ್ತದೆ, ಒಳಗಿನ ಅಂಟು ಮೆತ್ತಗಾಗುತ್ತದೆ. ಕೈಗೆ ಬಿಸಿ ತಾಗಿದರೆ ನಿಲ್ಲಿಸಬೇಕು. ಕೊನೆಗೆ ಅಗಸೆ ಎಣ್ಣೆ. ಕೊಬ್ಬರಿ ಎಣ್ಣೆ ಒಣಗುವುದಿಲ್ಲ, ಕೈ ಜಾರುತ್ತದೆ.

ಚಿಕ್ಕಮ್ಮ ಕತ್ತಿ ತೆಗೆದುಕೊಂಡು ಎರಡು ಸಲ ಕೈಯಲ್ಲಿ ತಿರುಗಿಸಿದರು. "ಹಿಡಿ ಸ್ವಲ್ಪ ದಪ್ಪ ಆಯ್ತು" ಅಂದರು. ಆಮೇಲೆ ಹಲಸಿನಕಾಯಿ ಎಳೆದುಕೊಂಡು ಒಂದೇ ಏಟಿಗೆ ಸೀಳಿದರು. ಹಿಡಿ ಕದಲಲಿಲ್ಲ. ಅಲಗಿಗೆ ಹತ್ತಿದ ಮೇಣವನ್ನು ಎಣ್ಣೆ ಬಟ್ಟೆಯಲ್ಲಿ ಒರೆಸುತ್ತಾ ನನ್ನ ಕಡೆ ನೋಡಿದರು. ಸೀರೆಯ ಅಂಚಿನ ಆ ಪಟ್ಟಿ ಅಲ್ಲೇ ಬಿದ್ದಿತ್ತು. ಎಸೆಯಲು ಹೋದೆ. "ಇರ್ಲಿ, ಅಲ್ಲೇ ಮೊಳೆಗೆ ಸಿಗಿಸು" ಅಂದರು.